ಚಿರೇಕಲ್ಲಿನ ಬಯಲಲ್ಲಿ ಹೂ ಹುಡುಕುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಮರಗಳಿಗೆ ವಸಂತ ಚೈತ್ರದಲ್ಲಿ ಬರುತ್ತದೆ, ಕಲ್ಲಿಗೆ ಬರುವುದು ಶ್ರಾವಣದಲ್ಲಿ. ಗೋಕರ್ಣದಿಂದ ಕುಡ್ಲೆ ಕಡಲತೀರಕ್ಕೆ ಗುಡ್ಡ ದಾಟುವವರಿಗೆ ಆ ಕೆಂಪು ಚಿರೇಕಲ್ಲಿನ ಹಾಸು ಗೊತ್ತು. ಮೇ ತಿಂಗಳಲ್ಲಿ ಅಲ್ಲಿ ಬರಿಗಾಲು ಊರಲಾಗದು. ಚೌತಿಯ ಆಸುಪಾಸಿನಲ್ಲಿ ಇಂಥ ಹಾಸಿನ ಮೇಲೆಯೇ ಅಪರೂಪದ ಹೂಗಳನ್ನು ಹುಡುಕಬೇಕು.

ಮಳೆ ಹೊಳವಾದ ಒಂದು ಬೆಳಿಗ್ಗೆ ಹೊರಡಿ. ಮೊದಲು ಹೂವನ್ನಲ್ಲ, ನೀರನ್ನು ಹುಡುಕಿ. ಬಂಡೆಯ ಮೇಲೆ ಒಂದು ಬೆರಳು ದಪ್ಪದಷ್ಟೇ ಮಣ್ಣು ನಿಂತು, ಅದರ ಮೇಲೆ ನೀರು ತೆಳುವಾಗಿ ಜಿನುಗುವ ಜಾಗವೇ ನಮಗೆ ಬೇಕಾದದ್ದು. ಎತ್ತರದ ಹುಲ್ಲು ಬೆಳೆದಿದ್ದರೆ ಮುಂದೆ ನಡೆಯಿರಿ.

ಸಿಕ್ಕಿತೇ? ಇನ್ನು ನಡೆಯಬೇಡಿ. ಗಿಡವಿಲ್ಲದ ಬರಿಯ ಕಲ್ಲಿನ ಮೇಲೆ ಕುಳಿತುಕೊಳ್ಳಿ. ನಿಂತು ನೋಡಿದವರಿಗೆ ನೇರಳೆ ಛಾಯೆ ಮಾತ್ರ ಕಾಣುತ್ತದೆ. ಕುಳಿತವರಿಗೆ ಅದು ನೂರಾರು ಯುಟ್ರಿಕ್ಯುಲೇರಿಯಾ ಹೂಗಳೆಂದು ತಿಳಿಯುತ್ತದೆ. ಉಗುರಿನಷ್ಟು ಹೂವು, ನೂಲಿನಂಥ ದಂಟು, ಹಿಂದಕ್ಕೆ ಚಾಚಿದ ಪುಟ್ಟ ಕೊಂಬು. ಮಣ್ಣಿನೊಳಗಿರುವ ಇದರ ಸಾಸಿವೆಗಿಂತ ಚಿಕ್ಕ ಚೀಲಗಳು ನೀರಿನ ಸೂಕ್ಷ್ಮಜೀವಿಗಳನ್ನು ಕಣ್ಣೆವೆ ಮಿಟುಕಿಸುವುದರೊಳಗೆ ಹೀರಿಕೊಳ್ಳುತ್ತವೆ. ಈ ಬಡ ಮಣ್ಣಿನಲ್ಲಿ ಸಾರಜನಕ ಸಾಲದು, ಅದಕ್ಕೇ ಈ ಬೇಟೆ.

ಪಕ್ಕದಲ್ಲೇ ನೆಲಕ್ಕಂಟಿದ, ನಾಣ್ಯದಗಲದ ಕೆಂಪು ಗಿಡವಿದೆಯೇ ನೋಡಿ. ಬಿಸಿಲೇರಿದರೂ ಎಲೆಯ ತುದಿಯ ಹನಿಗಳು ಆರದಿದ್ದರೆ ಅದು ಇಬ್ಬನಿಯಲ್ಲ, ಕೀಟ ಹಿಡಿಯುವ ಡ್ರೊಸೆರಾ ಗಿಡದ ಅಂಟು. ಬಿಳಿ ಗುಂಡಿಗಳನ್ನು ಕಡ್ಡಿಗೆ ಸಿಕ್ಕಿಸಿದಂತೆ ಕಂಡರೆ ಎರಿಯೊಕಾಲಾನ್.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಬೇಣಗಳಿವೆ, ಅಂದರೆ ಹುಲ್ಲುಗಾವಲುಗಳು. ಅಲ್ಲಿ ಹುಲ್ಲಿನ ನಡುವೆ ತಲೆ ಎತ್ತುವ ಬಿಳಿ ನೆಲ ಆರ್ಕಿಡ್‌ಗಳನ್ನು ಹುಲ್ಲು ಕೊಯ್ಯುವ ಮೊದಲೇ ನೋಡಬೇಕು. ಉಂಬಳಗಳಿಗೆ (ಜಿಗಣೆಗಳಿಗೆ) ಸುಣ್ಣ ಜೊತೆಯಲ್ಲಿರಲಿ. ಎಲ್ಲಿ ಏನಿದೆ ಎಂದು ಚೌತಿಯ ಫಲಾವಳಿಗಾಗಿ, ಅಂದರೆ ಗಣಪನ ಮೇಲೆ ಕಟ್ಟುವ ಹೂಹಣ್ಣುಗಳಿಗಾಗಿ, ಕಾಡು ಸುತ್ತುವ ಹಿರಿಯರನ್ನು ಕೇಳಿ; ಅವರಷ್ಟು ನಿಖರವಾಗಿ ಹೇಳುವವರನ್ನು ನಾನು ಕಂಡಿಲ್ಲ. ಬೇಲಿಯಲ್ಲಿ ಉರಿಯುವಂತೆ ಅರಳುವ ಅಗ್ನಿಶಿಖೆಯನ್ನು ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಿ. ಅದರ ಗಡ್ಡೆಯಂತೂ ಕಡು ವಿಷ.

ಗುರುತಿಸಲಾಗದ ಹೂವನ್ನು ದಯವಿಟ್ಟು ಕೀಳಬೇಡಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮೊಬೈಲಿನಲ್ಲಿ ಮೂರು ಚಿತ್ರ ತೆಗೆಯಿರಿ: ಹೂವಿನ ಮುಖ, ಅದರ ಬದಿ, ಎಲೆ. ಎಲೆಯ ಚಿತ್ರವಿಲ್ಲದೆ ಎಷ್ಟೋ ಹೂಗಳ ಹೆಸರು ಹೇಳಲಾಗುವುದಿಲ್ಲ. ದಿನಾಂಕ, ಜಾಗ ಬರೆದುಕೊಂಡು ಹದಿನೈದು ದಿನ ಬಿಟ್ಟು ಅದೇ ಕಲ್ಲಿಗೆ ಮತ್ತೆ ಹೋಗಿ. ಆ ಹೊತ್ತಿಗೆ ಅಲ್ಲಿ ಬೇರೆಯೇ ಹೂ ಅರಳಿರಬಹುದು.