ಅಂಗಡಿಸಾಲಿಗೆ ನೆರೆ ನುಗ್ಗದಂತೆ ಒಟ್ಟಾಗಿ ತಡೆಯುವುದು ಹೇಗೆ?

ಸಾಲು ಮಳಿಗೆಗಳಲ್ಲಿ ಒಬ್ಬರು ಮಾತ್ರ ಬಾಗಿಲಿಗೆ ತಡೆಹಲಗೆ ಹಾಕಿಸಿಕೊಂಡರೆ, ನೀರು ಪಕ್ಕದ ಮಳಿಗೆಗೆ ನುಗ್ಗಿ ನಡುಗೋಡೆಯ ಬುಡದಿಂದ ಜಿನುಗುತ್ತಾ ಹಲಗೆ ಹಾಕಿಸಿಕೊಂಡವರ ದಾಸ್ತಾನನ್ನೂ ತಲುಪುತ್ತದೆ. ಹೀಗೆ ಹಣ ಸುರಿದು ಕೈಸುಟ್ಟುಕೊಂಡವರನ್ನು ಕಂಡಿದ್ದೇನೆ. ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ಸಾಲಿನವರೆಲ್ಲರೂ ಕಟ್ಟಡದ ಮಾಲೀಕರೊಡನೆ ಸೇರಿ ಮಾತನಾಡಬೇಕು.

ಎರಡನೆಯದಾಗಿ, ನೀರು ಒಳಬರುವ ದಾರಿಗಳನ್ನು ಜೊತೆಯಾಗಿ ನಡೆದು ಗುರುತಿಸಿರಿ. ಶೌಚಾಲಯದ ಮೂಲಕ ಒಳಚರಂಡಿ ಹಿಮ್ಮುಖವಾಗಿ ಉಕ್ಕುವುದನ್ನು ಹೆಚ್ಚಿನವರು ಮರೆಯುತ್ತಾರೆ. ಅದಕ್ಕೆ ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಹೊರಕ್ಕೆ ಮಾತ್ರ ಬಿಟ್ಟು ಹಿಂದಕ್ಕೆ ಬಾರದಂತೆ ತಡೆಯುವ ಕವಾಟ, ಬೇಕು. ಆದರೆ ತೆರೆದು ಶುಚಿಗೊಳಿಸಲು ಮುಚ್ಚಳವೇ ಇಲ್ಲದ ಅಗ್ಗದ ವಾಲ್ವ್ ಬೇಡ, ಕಸ ಸಿಕ್ಕಿಕೊಂಡರೆ ಅದು ಇದ್ದೂ ಇಲ್ಲದಂತೆ. ಚರಂಡಿಯ ಹೂಳೆತ್ತುವಂತೆ ಸ್ಥಳೀಯ ಸಂಸ್ಥೆಗೆ ಎಲ್ಲರ ಸಹಿಯುಳ್ಳ ಒಂದೇ ಮನವಿಯನ್ನು ಚಿತ್ರಗಳೊಂದಿಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.

ಕೆಲಸ ಕೆಡುವುದು ಹೊಣೆ ಹಂಚುವ ಹಂತದಲ್ಲಿ. ‘ಎಲ್ಲರೂ ನೋಡಿಕೊಳ್ಳೋಣ’ ಎಂದು ಎದ್ದುಹೋದ ಸಭೆಯಿಂದ ಯಾರೂ ಏನನ್ನೂ ನೋಡಿಕೊಳ್ಳುವುದಿಲ್ಲ. ನಡುರಾತ್ರಿ ನೀರು ಏರಿದಾಗ ಹಲಗೆಗಳು ಯಾವ ಕೋಣೆಯಲ್ಲಿವೆ, ಆ ಕೋಣೆಯ ಬೀಗದಕೈ ಯಾರ ಬಳಿ ಇದೆ, ಅವರು ಊರಲ್ಲಿಲ್ಲದಿದ್ದರೆ ಬದಲಿ ಯಾರು, ಯಾವ ಎಚ್ಚರಿಕೆ ಬಂದೊಡನೆ ಹಲಗೆ ಕೂರಿಸಬೇಕು, ಪಂಪಿನ ನೀರನ್ನು ನೆರೆಯವರ ಬಾಗಿಲಿಗೆ ಬಿಡದೆ ಎಲ್ಲಿಗೆ ಹಾಯಿಸಬೇಕು ಎಂಬುದೆಲ್ಲವೂ ಹೆಸರುಸಹಿತ ಬರಹದಲ್ಲಿರಲಿ. ಮೈನ್ ಸ್ವಿಚ್ ಆರಿಸುವವರು ನೀರು ಒಳಬರುವ ಮೊದಲೇ ಆರಿಸಬೇಕು. ನೀರಿನಲ್ಲಿ ನಿಂತು ಅದನ್ನು ಮುಟ್ಟಲೇಬಾರದು. ವೆಚ್ಚದ ಜಗಳಕ್ಕೆ ನನ್ನ ಪರಿಹಾರ ಸರಳ: ಕಟ್ಟಡಕ್ಕೆ ಅಂಟಿಕೊಂಡಿರುವುದು ಮಾಲೀಕರದು, ಬಿಚ್ಚಿಡಬಹುದಾದದ್ದು ಬಾಡಿಗೆದಾರರದು. ಬಳಿಕ ಬಿಸಿಲಿರುವ ದಿನವೇ ಒಮ್ಮೆ ಎಲ್ಲ ಹಲಗೆಗಳನ್ನೂ ಕೂರಿಸಿ ನೋಡಿ. ಬೋಲ್ಟಿಗೆ ಹೊಂದುವ ಸ್ಪ್ಯಾನರ್ ಕಾಣೆಯಾಗಿರುವುದು ತಿಳಿಯುವುದು ಆಗಲೇ.

ಎಂಜಿನಿಯರ್ ಒಪ್ಪದ ಹೊರತು ಸುಮಾರು 60 ಸೆಂಟಿಮೀಟರಿಗಿಂತ ಎತ್ತರದ ಹಲಗೆ ಬೇಡ. ಒಂದು ಘನ ಮೀಟರ್ ನೀರು 1,000 ಕಿಲೊ ತೂಗುತ್ತದೆ; ಹೊರಗೆ ನಿಂತ ನೀರಿನ ಒತ್ತಡಕ್ಕೆ ಗೋಡೆಯೇ ಕುಸಿಯಬಹುದು.

ಮರಳುಮೂಟೆಯನ್ನೇ ನಂಬುವವರು ಅದನ್ನು ಬಿಗಿಯಾಗಿ ತುಂಬದೆ ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಪ್ಲಾಸ್ಟಿಕ್ ಹಾಳೆಯೊಡನೆ ಇಟ್ಟಿಗೆಯ ವರಸೆಯಂತೆ ಸಂದು ತಪ್ಪಿಸಿ ಜೋಡಿಸಬೇಕು. ಶಟರ್ ಸಂದಿಗೆ ಫೋಮ್ ಸಿಂಪಡಿಸುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ.

ದಾಸ್ತಾನನ್ನು ನೆಲದಿಂದ ಎತ್ತರಿಸಿಡಿ. ನೀರು ಇಳಿದ ಬಳಿಕ ವಿಮೆಗಾಗಿ ಚಿತ್ರ ತೆಗೆದೇ ಶುಚಿಗೊಳಿಸಲು ಕೈಹಾಕಿ. ಪೆಟ್ರೋಲ್ ಪಂಪನ್ನು ಮಾತ್ರ ಮಳಿಗೆಯೊಳಗೆ ಓಡಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.