ಒಂದೇ 'ಹಲೋ' ಎರಡು ಸಲ ಕೇಳಿದಾಗ

ಆಫೀಸಿನ ಹಳೆಯ ಫೋನ್ ಎಕ್ಸ್‌ಚೇಂಜ್ ಪೆಟ್ಟಿಗೆ ತೆಗೆದು, ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವ ಆಸ್ಟರಿಸ್ಕ್ ಅನ್ನೋ ಸಾಫ್ಟ್‌ವೇರ್ ಹಾಕಿದ ಮೊದಲ ದಿನವೇ ಅಕೌಂಟ್ಸ್‌ನವರು ಬಂದರು. "ಸಾರ್, ನಾನು ಹಲೋ ಅಂದ್ರೆ ನನಗೇ ಇನ್ನೊಂದು ಸಲ ಕೇಳ್ಸುತ್ತೆ." ಸರ್ವರ್‌ನಲ್ಲಿ ಒಂದು ಎಫ್‌ಎಕ್ಸ್‌ಒ ಕಾರ್ಡ್, ಅಂದರೆ ಹೊರಗಿನ ಫೋನ್ ಲೈನ್ ಸಿಕ್ಕಿಸುವ ಕಾರ್ಡ್, ಅದಕ್ಕೆ 4 ಅನಲಾಗ್ ಲೈನ್. ಮೇಜುಗಳ ಮೇಲೆಲ್ಲ ನೆಟ್‌ವರ್ಕ್ ಕೇಬಲ್‌ನಲ್ಲಿ ಮಾತಾಡುವ ಐಪಿ ಫೋನ್.

ನಾನು ನೇರವಾಗಿ ನೆಟ್‌ವರ್ಕ್ ಮೇಲೆ ಬಿದ್ದೆ. ಸ್ವಿಚ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ದನಿಯ ಪ್ಯಾಕೆಟ್‌ಗೆ ಆದ್ಯತೆ ಕೊಟ್ಟೆ. ಎರಡು ದಿನ ಸುಮ್ನೆ ಹೋಯಿತು. ಆಫೀಸಿನೊಳಗೆ ಒಂದು ಮೇಜಿನಿಂದ ಇನ್ನೊಂದಕ್ಕೆ ಮಾತಾಡಿದರೆ ಎಕೋ ಇರಲೇ ಇಲ್ಲ. ಹೊರಗಿನ ಕರೆಯಲ್ಲಿ ಮಾತ್ರ ಇತ್ತು. ಅದೂ ನಮ್ಮವರಿಗೇ ಕೇಳುತ್ತಿತ್ತು, ಆ ಕಡೆಯವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಇದನ್ನು ಮೊದಲೇ ಕೇಳಿಕೊಳ್ಳಬೇಕಿತ್ತು.

ಅನಲಾಗ್ ಲೈನ್ ಅಂದರೆ ಎರಡು ತಂತಿ. ಹೋಗುವ ದನಿ, ಬರುವ ದನಿ ಎರಡೂ ಅದರಲ್ಲೇ. ಅವನ್ನು ಬೇರೆ ಮಾಡುವ ಭಾಗಕ್ಕೆ ಹೈಬ್ರಿಡ್ ಅಂತಾರೆ. ಲೈನಿನ ಇಂಪಿಡೆನ್ಸ್ (ಸಿಗ್ನಲ್‌ಗೆ ಲೈನ್ ಒಡ್ಡುವ ತಡೆ) ಕಾರ್ಡಿನದಕ್ಕೆ ಹೊಂದದಿದ್ದರೆ ನಾವು ಕಳಿಸಿದ ದನಿಯಲ್ಲಿ ಸ್ವಲ್ಪ ಅಲ್ಲಿಂದಲೇ ವಾಪಸ್ ಬರುತ್ತೆ. ಹಳೆಯ ಪೆಟ್ಟಿಗೆಯಲ್ಲೂ ಬರುತ್ತಿತ್ತು, ಆದರೆ ತಡವಿಲ್ಲದೆ ಬರುತ್ತಿದ್ದರಿಂದ ಕಿವಿಗೆ ಗೊತ್ತಾಗುತ್ತಿರಲಿಲ್ಲ. ಐಪಿ ಫೋನ್ ದನಿಯನ್ನು 20 ಮಿಲಿಸೆಕೆಂಡಿನ ತುಂಡು ಮಾಡಿ ಕಳಿಸುತ್ತೆ, ಅದರ ಮೇಲೆ ಹಿಂದೆಮುಂದೆ ಬರುವ ತುಂಡುಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಸಮ ಮಾಡುವ ಜಿಟ್ಟರ್ ಬಫರ್ ಬೇರೆ. ಅಷ್ಟು ತಡವಾದರೆ ಅದೇ ಎಕೋ.

ಒಂದೇ ಫೋನಿನಿಂದ ನಾಲ್ಕೂ ಲೈನಿನಲ್ಲಿ ಕರೆ ಮಾಡಿ ನೋಡಿದೆ. ಉಳಿದ ಮೂರು ಲೈನಿನಲ್ಲಿ ಅಷ್ಟಿಷ್ಟು, 3ನೇ ಲೈನಿನಲ್ಲಿ ಬಾವಿಯೊಳಗೆ ಮಾತಾಡಿದ ಹಾಗೆ. ಅದರ ತಂತಿ ಹಿಡಿದು ಹೋದೆ. ಕಬೋರ್ಡ್ ಹಿಂದೆ ಒಂದು ಜಾಯಿಂಟ್, ಅದರಿಂದ ಇನ್ನೊಂದು ತಂತಿ, ಅದರ ತುದಿಯಲ್ಲಿ ಧೂಳು ಹಿಡಿದ ಫ್ಯಾಕ್ಸ್ ಮಷೀನ್! ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ, ಆದರೂ ಲೈನಿಗೆ ಪ್ಯಾರಲಲ್ ಆಗಿ ಕೂತಿತ್ತು. ಅದನ್ನು ಕಿತ್ತು, ಜಾಯಿಂಟ್ ತೆಗೆದು ತಂತಿಯನ್ನು ನೇರ ಕಾರ್ಡಿಗೆ ಕೊಟ್ಟೆ. 3ನೇ ಲೈನ್ ಉಳಿದವುಗಳ ಸಾಲಿಗೆ ಬಂತು.

ಆಮೇಲೆ ಕಾರ್ಡಿನ ಡ್ರೈವರ್‌ನಲ್ಲಿ ಯಾವ ದೇಶದ ಲೈನ್ ಅನ್ನೋ ಸೆಟ್ಟಿಂಗ್ ನೋಡಿದೆ, ಸುಮ್ಮನೆ ಡೀಫಾಲ್ಟ್‌ನಲ್ಲೇ ಇತ್ತು. ಅದನ್ನು ಸರಿ ಮಾಡಿ, ಸಂಜೆ ಆಸ್ಟರಿಸ್ಕ್ ನಿಲ್ಲಿಸಿ ಎಫ್‌ಎಕ್ಸ್‌ಒಟ್ಯೂನ್ ಅನ್ನೋ ಪ್ರೋಗ್ರಾಂ ಓಡಿಸಿದೆ. ಅದು ಪ್ರತಿ ಲೈನಿನ ಮೇಲೂ ಟೋನ್ ಕಳಿಸಿ, ಎಷ್ಟು ವಾಪಸ್ ಬರುತ್ತೆ ಅಂತ ಅಳೆದು, ಕಾರ್ಡನ್ನು ಆ ಲೈನಿಗೆ ಹೊಂದಿಸುತ್ತೆ. ತಾಳ್ಮೆ ಬೇಕು. ಒಂದು ತಪ್ಪು ಮಾಡಿದೆ: ಸರ್ವರ್ ಶುರುವಾದಾಗಲೆಲ್ಲ ಈ ಲೆಕ್ಕವನ್ನು ಮತ್ತೆ ಕಾರ್ಡಿಗೆ ತುಂಬಬೇಕು. ಅದಕ್ಕೆ ಬೇಕಾದ ಕಮಾಂಡ್ ಸಾಲನ್ನು ಸ್ಟಾರ್ಟಪ್‌ನಲ್ಲಿ ಸೇರಿಸಿರಲಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಅಕೌಂಟ್ಸ್‌ನವರು ಮತ್ತೆ ನನ್ನ ಮೇಜಿನ ಮುಂದೆ ನಿಂತಿದ್ದರು.

ಗೇನ್, ಅಂದರೆ ಕಾರ್ಡ್ ದನಿಯನ್ನು ಎಷ್ಟು ಜೋರು ಮಾಡುತ್ತೆ ಅನ್ನೋ ಅಳತೆ, ಅದರ ವಿಷಯದಲ್ಲೂ ತಪ್ಪು ನನ್ನದೇ. ಹೊರಗಿನವರ ದನಿ ಸಣ್ಣಗೆ ಕೇಳುತ್ತೆ ಅಂದಿದ್ದಕ್ಕೆ ಎರಡೂ ಕಡೆಯ ಗೇನ್ ಜಾಸ್ತಿ ಮಾಡಿದ್ದೆ. ದನಿಯ ಜೊತೆ ಎಕೋ ಕೂಡ ದೊಡ್ಡದಾಯಿತು. ದನಿ ಒಡೆಯುವಷ್ಟು ಜೋರಾದರೆ, ವಾಪಸ್ ಬರುವ ದನಿಯನ್ನು ಅಂದಾಜು ಮಾಡಿ ಕಳೆದುಬಿಡುವ ಎಕೋ ಕ್ಯಾನ್ಸಲರ್ ಲೆಕ್ಕವೂ ತಪ್ಪುತ್ತೆ. ಎರಡನ್ನೂ ಸೊನ್ನೆಗೆ ತಂದು, ಬೇಕಾದಷ್ಟೇ ಏರಿಸಿದೆ.

ಕ್ಯಾನ್ಸಲರ್ ಕಡೆಗೆ ಕೊನೆಯಲ್ಲಿ ಹೋದೆ. ಹೆಚ್ಚಿನವರು ಮೊದಲು ಇಲ್ಲೇ ಕೈ ಹಾಕ್ತಾರೆ, ಅಲ್ವಾ? ಲೈನೇ ಕೆಟ್ಟಿದ್ದರೆ ಕ್ಯಾನ್ಸಲರ್ ಎಷ್ಟು ಒರೆಸಿದರೂ ಎಕೋ ಉಳಿಯುತ್ತೆ. ಸೆಕೆಂಡಿಗೆ 8000 ಸ್ಯಾಂಪಲ್ ಲೆಕ್ಕದಲ್ಲಿ 128 ಟ್ಯಾಪ್ (ಕ್ಯಾನ್ಸಲರ್ ಒಮ್ಮೆಗೆ ಹಿಂದಕ್ಕೆ ನೋಡುವ ಸ್ಯಾಂಪಲ್‌ಗಳ ಸಂಖ್ಯೆ) ಅಂದರೆ 16 ಮಿಲಿಸೆಕೆಂಡ್ ತಡದ ಎಕೋವರೆಗೆ ಮಾತ್ರ ಅದು ಹಿಡಿಯುತ್ತೆ. ನಾನು 256 ಮಾಡಿ, ಜೊತೆಗೆ ಎಂಜಿ2 ಅನ್ನೋ ಕ್ಯಾನ್ಸಲರ್ ಬಿಟ್ಟು ಡೇವಿಡ್ ರೋವ್ ಬರೆದ ಓಸ್ಲೆಕ್ ಅನ್ನೋ ಇನ್ನೊಂದು ಕ್ಯಾನ್ಸಲರ್ ಹಾಕಿದೆ. ಕರೆಯ ಮೊದಲ ಗಳಿಗೆಯಲ್ಲಿ ಸಣ್ಣ ಪ್ರತಿಧ್ವನಿ, ಆಮೇಲೆ ಶುಭ್ರ. ಕ್ಯಾನ್ಸಲರ್ ಲೈನನ್ನು ಕಲಿತುಕೊಳ್ಳುವ ಸಮಯ ಅದು.

ಒಂದು ದೂರು ಉಳಿಯಿತು. ಮ್ಯಾನೇಜರ್ ಕರೆ ಮಾಡಿದಾಗ ಎಕೋ ಆ ಕಡೆಯವರಿಗೆ ಕೇಳುತ್ತಿತ್ತು. ಅಂದರೆ ಲೈನ್ ಅಲ್ಲ. ಅವರ ಕೋಣೆಗೆ ಹೋಗಿ ನೋಡಿದರೆ ಸ್ಪೀಕರ್ ಫೋನ್ ಪೂರ್ತಿ ವಾಲ್ಯೂಮಿನಲ್ಲಿ, ಗೋಡೆಗೆ ಒರಗಿಕೊಂಡಿತ್ತು. ವಾಲ್ಯೂಮ್ ಇಳಿಸಿ ಫೋನನ್ನು ಒಂದು ಗೇಣು ಮುಂದೆ ಎಳೆದೆ. ಮಾರನೇ ದಿನ ಯಾರೂ ಬರಲಿಲ್ಲ.