ಹಡಗು ಹತ್ತುವ ಮುಂಚೆ ಕೊಚ್ಚಿಯಲ್ಲಿ ಎರಡು ರಾತ್ರಿ: ಸುತ್ತಾಟ, ಮೀನೂಟ ಮತ್ತು ಹೊತ್ತಿನ ಲೆಕ್ಕ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯಿಂದ ಕ್ರೂಸ್‌ಗೆ ಹೊರಡುವ ಕುಟುಂಬಗಳು ಹೆಚ್ಚಾಗಿ ಹಾಕುವ ಲೆಕ್ಕ ಇದು: ಬೆಳಗ್ಗಿನ ರೈಲಿಗೆ ಹೊರಟು ಮಧ್ಯಾಹ್ನ ಎರ್ನಾಕುಳಂ, ಅಲ್ಲೊಂದು ಭರ್ಜರಿ ಮೀನೂಟ, ಸಂಜೆ ಹಡಗು. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ರೈಲು ಎರಡು ಗಂಟೆ ತಡವಾದರೆ ಹಡಗಿನ ಚೆಕ್-ಇನ್ ಮುಗಿದಿರುತ್ತದೆ, ಹಡಗು ಯಾರಿಗೂ ಕಾಯುವುದಿಲ್ಲ. ತಿಂದ ಮೀನು ಹೊಟ್ಟೆಗೆ ಆಗಲಿಲ್ಲವೆಂದರೆ ಅದು ಗೊತ್ತಾಗುವುದು ನಡುನೀರಿನಲ್ಲಿ. ಹಾಗಾಗಿ ಯೋಜನೆಯನ್ನು ಹಡಗಿನ ದಿನದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಹಡಗಿನ ದಿನ ಏನೂ ಇಟ್ಟುಕೊಳ್ಳಬೇಡಿ. ಅದರ ಹಿಂದಿನ ದಿನ ಸುತ್ತಾಟಕ್ಕೆ, ಮೀನೂಟಕ್ಕೆ. ಅದಕ್ಕೂ ಹಿಂದಿನ ದಿನ ಪ್ರಯಾಣಕ್ಕೆ. ಒಟ್ಟು ಎರಡು ರಾತ್ರಿ.

ಮೊದಲು ವಾರ ನೋಡಿ, ಆಮೇಲೆ ರೈಲು

ಕೊಚ್ಚಿಯಲ್ಲಿ ಯಾವ ವಾರ ಯಾವುದು ಮುಚ್ಚಿರುತ್ತದೆ ಎಂದು ನೋಡದೆ ಹೋದವರು ಬೀಗ ಹಾಕಿದ ಬಾಗಿಲ ಮುಂದೆ ಫೋಟೋ ತೆಗೆದು ವಾಪಸಾಗುತ್ತಾರೆ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಅಲ್ಲಿಂದ ನಾಲ್ಕು ಹೆಜ್ಜೆ ದೂರದ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಶನಿವಾರ ತೆರೆಯುವುದಿಲ್ಲ. ಅವರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶುಕ್ರವಾರ ಸಂಜೆಗೇ ಶುರುವಾಗುವುದರಿಂದ ಶುಕ್ರವಾರವನ್ನೂ ನಂಬಿ ಹೋಗಬೇಡಿ. ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸಿಗೆ ಸೋಮವಾರ ರಜೆ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ, ಜೊತೆಗೆ ಫೋರ್ಟ್ ಕೊಚ್ಚಿ ತುಂಬ ಜನ. ಅಂದರೆ ಹಡಗು ಶನಿವಾರ ಹೊರಡುವುದಾದರೆ ಹಿಂದಿನ ದಿನದ ಶುಕ್ರವಾರ ಮಟ್ಟಾಂಚೇರಿಗೆ ಅತಿ ಕೆಟ್ಟ ದಿನ. ಅಂಥವರು ಇನ್ನೊಂದು ದಿನ ಮೊದಲೇ ಹೊರಟು ಗುರುವಾರ ನೋಡಿ ಮುಗಿಸುವುದು ಒಳ್ಳೆಯದು.

ಎರ್ನಾಕುಳಂನಲ್ಲಿ ಎರಡು ನಿಲ್ದಾಣಗಳಿವೆ. ಆಲಪ್ಪುಳ ಮಾರ್ಗವಾಗಿ ಹೋಗುವ ಏರನಾಡ್, ಮಾವೇಲಿ ಮತ್ತು ಮಂಗಳೂರಿನಿಂದ ಬರುವ ಬೆಳಗ್ಗಿನ ವಂದೇ ಭಾರತ್ ನಿಲ್ಲುವುದು ಎರ್ನಾಕುಳಂ ಜಂಕ್ಷನ್‌ನಲ್ಲಿ, ಅಂದರೆ ಸೌತ್‌ನಲ್ಲಿ. ಕೋಟ್ಟಯಂ ಮಾರ್ಗದ ಪರಶುರಾಮ್, ಮಲಬಾರ್ ಮತ್ತು ಮಧ್ಯಾಹ್ನ ಕಾಸರಗೋಡಿನಿಂದಲೇ ಹೊರಡುವ ವಂದೇ ಭಾರತ್ ನಿಲ್ಲುವುದು ಟೌನ್‌ನಲ್ಲಿ, ಅಂದರೆ ನಾರ್ತ್‌ನಲ್ಲಿ. ರೂಮು ಬುಕ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ. ಸಂಜೆ ನಮ್ಮಲ್ಲಿ ಹತ್ತುವ ಮಾವೇಲಿ, ಮಲಬಾರ್ ರೈಲುಗಳು ಎರ್ನಾಕುಳಂ ಮುಟ್ಟುವುದು ನಡುರಾತ್ರಿ ಕಳೆದು ಬೆಳಕು ಹರಿಯುವ ಮೊದಲು. ಮಲಗಿದ ಮಕ್ಕಳನ್ನೂ ಪೆಟ್ಟಿಗೆಗಳನ್ನೂ ಆ ಹೊತ್ತಿನಲ್ಲಿ ಇಳಿಸುವುದು ಕಷ್ಟ, ರೂಮೂ ಸಿಗುವುದಿಲ್ಲ. ಕುಟುಂಬಕ್ಕೆ ಹಗಲಿನ ರೈಲೇ ಸರಿ. ವಂದೇ ಭಾರತ್ ವಾರದಲ್ಲಿ ಒಂದು ದಿನ ಓಡುವುದಿಲ್ಲ, ನಿಮ್ಮ ದಿನ ಅದಲ್ಲವೆಂದು ಖಚಿತಪಡಿಸಿಕೊಳ್ಳಿ.

ವಸತಿ ಫೋರ್ಟ್ ಕೊಚ್ಚಿಯ ಹಳೆಯ ಮನೆಗಳಲ್ಲಿ ಚೆಂದ. ಆದರೆ ಅಲ್ಲಿ ಬಹಳಷ್ಟು ಕಡೆ ಲಿಫ್ಟ್ ಇಲ್ಲ, ಮರದ ಮೆಟ್ಟಿಲು ಕಡಿದಾಗಿರುತ್ತದೆ, ಹಡಗಿನ ದಿನ ತೋಪ್ಪುಂಪಡಿ ಸೇತುವೆಯ ವಾಹನದಟ್ಟಣೆ ದಾಟಿ ಬರಬೇಕು. ಅಜ್ಜ ಅಜ್ಜಿ ಜೊತೆಗಿದ್ದರೆ ಎರ್ನಾಕುಳಂ ಸೌತ್ ಅಥವಾ ಮರೈನ್ ಡ್ರೈವ್ ಆಸುಪಾಸಿನಲ್ಲೇ ಉಳಿಯಿರಿ. ಮೊದಲ ಸಂಜೆ ಮರೈನ್ ಡ್ರೈವಿನಲ್ಲಿ ನಡೆದಾಟ, ಬೇಕಿದ್ದರೆ ದರ್ಬಾರ್ ಹಾಲ್ ಮೈದಾನದ ಪಕ್ಕದ ಶಿವ ದೇವಸ್ಥಾನ. ಅಷ್ಟು ಸಾಕು.

ಸುತ್ತಾಟದ ದಿನ

ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಕಾರಿನಲ್ಲಿ ಹೋಗುವುದು ದಂಡ. ನೀರಿನ ಮೇಲೆ ಹೋಗಿ. 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋ ಈಗ ಹೈಕೋರ್ಟ್ ಟರ್ಮಿನಲ್‌ನಿಂದ ಫೋರ್ಟ್ ಕೊಚ್ಚಿಗೆ ಓಡುತ್ತದೆ. ಎಸಿ ದೋಣಿ, ಹತ್ತುವ ಜಾಗ ತೇಲುವ ಕಟ್ಟೆಯಾದ್ದರಿಂದ ದೋಣಿಯ ನೆಲಕ್ಕೆ ಸಮನಾಗಿರುತ್ತದೆ. ಮೊಣಕಾಲು ನೋವಿನವರಿಗೂ ಗಾಲಿಕುರ್ಚಿಗೂ ಇದು ದೊಡ್ಡ ಅನುಕೂಲ. ಎಣಿಸಿದಷ್ಟೇ ಜನರನ್ನು ಹತ್ತಿಸುತ್ತಾರೆ. ಹಾಗಾಗಿ ರಜಾದಿನ ಸಂಜೆ ವಾಪಸಾಗುವಾಗ ಸಾಲು ಉದ್ದವಾಗುತ್ತದೆ. ಸೂರ್ಯಾಸ್ತ ನೋಡಿಯೇ ಹೊರಡುತ್ತೇವೆ ಎನ್ನುವವರೆಲ್ಲ ಒಂದೇ ಹೊತ್ತಿಗೆ ಬರುತ್ತಾರೆ. ಸರ್ಕಾರಿ ಬೋಟು ಇದಕ್ಕೆ ಬದಲಿ, ಎರ್ನಾಕುಳಂ ಬೋಟ್ ಜೆಟ್ಟಿಯಿಂದ ಕೆಲವೇ ರೂಪಾಯಿಗೆ. ಆದರೆ ಅದಕ್ಕೆ ಹತ್ತಿ ಇಳಿಯುವಾಗ ಹೆಜ್ಜೆ ಎತ್ತಿ ಇಡಬೇಕು. ಯಾವುದರಲ್ಲಿ ಹೋದರೂ ಕೊನೆಯ ದೋಣಿ ಎಷ್ಟು ಗಂಟೆಗೆಂದು ಇಳಿಯುವಾಗಲೇ ಕೇಳಿಕೊಳ್ಳಿ.

ಬೇಗ ಹೊರಡಿ. ಹತ್ತು ಗಂಟೆಯ ಮೇಲೆ ಬಿಸಿಲಿಗೂ ಬೆವರಿಗೂ ಮಕ್ಕಳು ರಚ್ಚೆ ಹಿಡಿಯುತ್ತಾರೆ. ಮೊದಲು ಚೀನಾ ಬಲೆಗಳು. ಅವುಗಳನ್ನು ದೂರದಿಂದ ಫೋಟೋ ತೆಗೆದು ಹೋಗಿಬಿಡಬೇಡಿ, ಹತ್ತು ನಿಮಿಷ ಒಂದೇ ಬಲೆಯ ಹತ್ತಿರ ನಿಲ್ಲಿ. ತೊಲೆಯ ಒಂದು ತುದಿಯಲ್ಲಿ ನಾಲ್ಕು ಬಾಗಿದ ಗಳುಗಳಿಗೆ ಹರಡಿದ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿ ನೇತುಬಿಟ್ಟ ಕಲ್ಲುಗಳ ಸಾಲು. ಒಬ್ಬ ಮುಖ್ಯ ತೊಲೆಯ ಮೇಲೆ ನಡೆದು ಮುಂದೆ ಹೋದರೆ ಅವನ ತೂಕಕ್ಕೇ ಬಲೆ ನೀರಿಗಿಳಿಯುತ್ತದೆ. ಕೆಲವು ನಿಮಿಷ ಬಿಟ್ಟು ನಾಲ್ಕೈದು ಮಂದಿ ಹಗ್ಗ ಎಳೆದರೆ ಕಲ್ಲುಗಳು ಒಂದೊಂದಾಗಿ ಕೆಳಗಿಳಿಯುತ್ತ ಬಲೆ ಮೇಲೇಳುತ್ತದೆ. ನಮ್ಮ ಊರಿನ ಏತ ಕಂಡವರಿಗೆ ಇದರ ತತ್ವ ಕೂಡಲೇ ಹೊಳೆಯುತ್ತದೆ. ಕೆಲಸವೆಲ್ಲ ಭರತ ಇಳಿತ ನೋಡಿಕೊಂಡು. ನೀರು ಸರಿಯಿಲ್ಲದಾಗ ಬಲೆಗಳು ಸುಮ್ಮನೆ ಮೇಲೆತ್ತಿ ನಿಂತಿರುತ್ತವೆ, ಮುಂಚಿನ ದಿನವೇ ಭರತದ ಹೊತ್ತು ನೋಡಿಟ್ಟುಕೊಳ್ಳಿ. ಹಗ್ಗ ಎಳೆಯಲು ಮಕ್ಕಳನ್ನು ಕರೆದರೆ ಕೊನೆಗೆ ಹಣ ಕೇಳುತ್ತಾರೆ. ಅದು ತಪ್ಪಲ್ಲ, ಎಷ್ಟೆಂದು ಮೊದಲೇ ಮಾತಾಡಿ.

ಅಲ್ಲಿಂದ ನಡೆದೇ ಸೇಂಟ್ ಫ್ರಾನ್ಸಿಸ್ ಚರ್ಚು. 1524ರಲ್ಲಿ ಕೊಚ್ಚಿಯಲ್ಲಿ ಸತ್ತ ವಾಸ್ಕೊ ಡ ಗಾಮನನ್ನು ಹೂಳಿದ್ದು ಇಲ್ಲಿ. ಹದಿನಾಲ್ಕು ವರ್ಷಗಳ ನಂತರ ಅವಶೇಷವನ್ನು ಪೋರ್ಚುಗಲ್‌ಗೆ ಒಯ್ದರು, ಈಗಿರುವುದು ಕಲ್ಲು ಮಾತ್ರ. ಬಳಿಕ ಆಟೋ ಹಿಡಿದು ಮಟ್ಟಾಂಚೇರಿಗೆ. ಅರಮನೆಯನ್ನು 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟರು, ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಡಚ್ ಪ್ಯಾಲೇಸ್ ಎಂಬ ಹೆಸರು ನಿಂತಿತು. ಒಳಗಿನ ರಾಮಾಯಣ ಭಿತ್ತಿಚಿತ್ರಗಳಿಗೆ ಅರ್ಧ ಗಂಟೆಯಾದರೂ ಇಡಿ. ಅಜ್ಜಿಯರು ಒಂದೊಂದೇ ಪ್ರಸಂಗ ಗುರುತಿಸಿ ಮೊಮ್ಮಕ್ಕಳಿಗೆ ಹೇಳುವ ಜಾಗ ಅದು. 1568ರ ಸಿನಗಾಗಿನಲ್ಲಿ ನೆಲ ನೋಡಿ: ಚೀನಾದಿಂದ ತರಿಸಿದ, ಕೈಯಲ್ಲಿ ಬಣ್ಣ ಬರೆದ ನೀಲಿ ಬಿಲ್ಲೆಗಳು. ಅದು ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತದೆ, ಆದ್ದರಿಂದ ಅರಮನೆಗಿಂತ ಮೊದಲು ಅದನ್ನು ಮುಗಿಸಿ. ಕೊಂಕಣಿ ಮನೆಯವರಾದರೆ ಚೆರಳಾಯಿಯ ತಿರುಮಲ ದೇವಸ್ಥಾನಕ್ಕೆ ಹೋಗದೆ ಬರುವುದಿಲ್ಲ, ಸುತ್ತಲಿನ ಬೀದಿಗಳಲ್ಲಿ ಕೊಂಕಣಿಯಲ್ಲೇ ವ್ಯಾಪಾರ ಮಾಡಬಹುದು.

ಮೀನೂಟ: ಮಧ್ಯಾಹ್ನವೇ, ಅದೂ ಹಿಂದಿನ ದಿನ

ದೊಡ್ಡ ಮೀನೂಟವನ್ನು ರಾತ್ರಿಗೆ ಇಡಬೇಡಿ. ಹಿಂದಿನ ದಿನ ಮಧ್ಯಾಹ್ನ ಉಂಡರೆ ಹಡಗು ಹತ್ತುವ ಹೊತ್ತಿಗೆ 24 ಗಂಟೆ ಕಳೆದಿರುತ್ತದೆ. ಹೊಟ್ಟೆ ಕೆಡುವುದಿದ್ದರೆ ಬಹುಪಾಲು ಅಷ್ಟರೊಳಗೆ ನೆಲದ ಮೇಲೇ ಗೊತ್ತಾಗುತ್ತದೆ. ಚೆಕ್-ಇನ್‌ನಲ್ಲಿ ವಾಂತಿ, ಭೇದಿ ಇದೆಯೇ ಎಂದು ಕೇಳುವ ರೂಢಿಯಿದೆ, ಇದ್ದವರನ್ನು ಕ್ಯಾಬಿನ್‌ನಲ್ಲೇ ಇರಿಸಬಹುದು, ಹತ್ತಿಸದೆಯೂ ಇರಬಹುದು. ಮರುವಾಯಿ, ಪಚ್ಚಿಲೆಯಂಥ ಚಿಪ್ಪಿನವು ತಾವಿರುವ ನೀರನ್ನೇ ಸೋಸಿ ಬದುಕುವುದರಿಂದ ನೀರಿನ ಕೊಳೆಯೂ ಅವುಗಳೊಳಗೆ ಸೇರುತ್ತದೆ. ಪಡನ್ನದ ಕಲ್ಲುಮ್ಮಕಾಯಿ ಊರಲ್ಲಿ ಎಷ್ಟು ಬೇಕಾದರೂ ತಿನ್ನಬಹುದು, ಈ ಪ್ರವಾಸದಲ್ಲಿ ಬಿಡಿ. ಬಂಗುಡೆ, ಕೇದರ (ಟ್ಯೂನಾ) ಥರದ ಮೀನು ಐಸಿಲ್ಲದೆ ಹೊತ್ತು ಕಳೆದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಬಾಯಿಗಿಟ್ಟ ಮೀನು ಮೆಣಸಿನ ಹಾಗೆ ಚುರುಚುರು ಅಂದರೆ ಉಗುಳಿಬಿಡಿ.

ಹೆಸರುಗಳು ಗೊತ್ತಿರಲಿ. ಮಲಯಾಳ ಬರುವ ನಮಗೂ ತೆಂಕಿನ ಮೀನಿನ ಹೆಸರು ಗೊಂದಲ ಮಾಡುತ್ತದೆ. ನಮ್ಮ ಅಯಕೂರ ಅಥವಾ ಅಂಜಲ್ ಅಲ್ಲಿ ನೆಯ್ಮೀನ್. ನಾವು ಮತ್ತಿ ಎನ್ನುವ ಬೂತಾಯಿ ಅಲ್ಲಿ ಚಾಳ. ಬಂಗುಡೆ ಅಯಲ, ಮಾಂಜಿ (ಪಾಂಫ್ರೆಟ್) ಆವೋಲಿ, ಎಟ್ಟಿ (ಸಿಗಡಿ) ಚೆಮ್ಮೀನ್, ಡೆಂಜಿ (ಏಡಿ) ಞಂಡ್, ಬೊಂಡಾಸ್ (ಸ್ಕ್ವಿಡ್) ಕೂಂದಳ್. ಪುತ್ತೂರು, ಬೆಂಗಳೂರಿನ ನೆಂಟರು ಜೊತೆಗಿದ್ದರೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.

ರುಚಿಯ ವ್ಯತ್ಯಾಸಕ್ಕೂ ಮೊದಲೇ ತಯಾರಾಗಿ. ನಮ್ಮ ಗಸಿಗೆ ಹುಣಸೆಹುಳಿ, ಅಲ್ಲಿಯ ಕೆಂಪು ಮೀನು ಸಾರಿಗೆ ಕೊಡಂಪುಳಿ, ಅಂದರೆ ಹೊಗೆಯಲ್ಲಿ ಒಣಗಿಸಿದ ಉಪ್ಪಾಗೆ. ಹುಳಿಯ ಜೊತೆ ಹೊಗೆಯ ಘಾಟು, ಮೇಲೆ ಖಾರ. ಮಕ್ಕಳಿಗೆ ಇದು ಹಿಡಿಸುವುದಿಲ್ಲ. ಅವರಿಗೆ ಮೀನ್ ಮೋಯಿಲಿ ಹೇಳಿ: ತೆಂಗಿನಹಾಲು, ಅರಿಶಿನ, ಹಸಿಮೆಣಸು. ಹಸಿಮೆಣಸನ್ನು ಸೀಳದೆ ಇಡಿಯಾಗಿ ಹಾಕಲು ಹೇಳಿದರೆ ಖಾರ ಬಿಡುವುದಿಲ್ಲ. ಜೊತೆಗೆ ಅಪ್ಪಂ.

ಕೊಚ್ಚಿಗೆ ಹೋಗಿ ತಿನ್ನಲೇಬೇಕಾದ್ದು ಕರಿಮೀನ್ ಪೊಳ್ಳಿಚ್ಚದ್. ಕರಿಮೀನು 2010ರಿಂದ ಕೇರಳದ ರಾಜ್ಯ ಮೀನು. ಮಸಾಲೆ ಸವರಿ ಅರೆಹುರಿದು, ಸಣ್ಣ ಉಳ್ಳಿ ಟೊಮೆಟೊ ಬಾಡಿಸಿದ ಮಸಾಲೆ ಮೆತ್ತಿ, ಬಾಳೆಎಲೆಯಲ್ಲಿ ಕಟ್ಟಿ ಕಾವಲಿಯಲ್ಲಿ ಸುಡುತ್ತಾರೆ. ಅರ್ಧ ಗಂಟೆ ಬೇಕು, ಕೂತ ಕೂಡಲೇ ಮೊದಲು ಇದನ್ನೇ ಹೇಳಿ. 200–300 ಗ್ರಾಮಿನ ಮೀನು ಇಬ್ಬರಿಗೆ ಒಂದು ಸಾಕು. ಮುಳ್ಳು ಹೆಚ್ಚು. ಎಲೆ ಬಿಚ್ಚಿ, ಬದಿಯ ನಡುಗೆರೆಯ ಉದ್ದಕ್ಕೆ ಬೆರಳಿನಿಂದ ಬಿಡಿಸಿ ಮೇಲಿನ ಭಾಗ ಎತ್ತಿ ಮಕ್ಕಳಿಗೆ ಕೊಡಿ. ಹೊಟ್ಟೆಯ ಕಡೆಯ ಭಾಗ ಮುಳ್ಳು ಗೊತ್ತಿರುವ ದೊಡ್ಡವರಿಗೆ. ಐದು ವರ್ಷದೊಳಗಿನ ಮಕ್ಕಳಿಗೆ ಅಯಕೂರದ ತುಂಡೇ ಕ್ಷೇಮ.

ಬಲೆಗಳ ಹತ್ತಿರ ಮೀನು ಕೊಂಡು ಪಕ್ಕದ ಅಂಗಡಿಯಲ್ಲಿ ಬೇಯಿಸಿಕೊಳ್ಳುವ ಏರ್ಪಾಡಿದೆ. ಆ ಬಲೆಗಳಿಗೆ ಬೀಳುವುದು ಹೆಚ್ಚಾಗಿ ಸಣ್ಣ ಮೀನು. ಹಲಗೆಯ ಮೇಲಿನ ದೊಡ್ಡ ಅಯಕೂರ, ದೊಡ್ಡ ಎಟ್ಟಿ ಬೇರೆ ಕಡೆಯಿಂದ ಬಂದದ್ದು ಎಂದು ತಿಳಿದೇ ಚೌಕಾಸಿ ಮಾಡಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಒತ್ತಿದ ಬೆರಳಿನ ಗುಂಡಿ ಕೂಡಲೇ ತುಂಬಬೇಕು. ತೂಕ ಶುಚಿ ಮಾಡುವ ಮೊದಲೋ ಆಮೇಲೋ ಕೇಳಿ. ತಲೆ ಸಿಪ್ಪೆ ಹೋದರೆ ಒಂದು ಕಿಲೋ ಎಟ್ಟಿಯಲ್ಲಿ ಉಳಿಯುವುದು ಸುಮಾರು ಅರ್ಧ, ಡೆಂಜಿಯಲ್ಲಿ ಇನ್ನೂ ಕಡಿಮೆ. ಬೇಯಿಸುವ ಕೂಲಿ ಕಿಲೋಗೋ ಪದಾರ್ಥಕ್ಕೋ ಎಂದು ಮೀನು ಕೈಬಿಡುವ ಮೊದಲೇ ತೀರ್ಮಾನವಾಗಬೇಕು, ಜಗಳ ಹುಟ್ಟುವುದು ಇಲ್ಲೇ. ಆರು ಮಂದಿ ದೊಡ್ಡವರು, ಇಬ್ಬರು ಮಕ್ಕಳಿಗೆ ಒಂದು ಕಿಲೋ ಎಟ್ಟಿ, ಒಂದು ಕಿಲೋ ಅಯಕೂರ, ಮೂರು ಕರಿಮೀನು ಧಾರಾಳ. ಹೋಟೆಲಿನ ಮೆನುವಿನಲ್ಲಿ ದರದ ಬದಲು ‘ಗಾತ್ರಕ್ಕೆ ತಕ್ಕಂತೆ’ ಎಂದಿದ್ದರೆ ಮೀನನ್ನು ಮೇಜಿಗೆ ತರಿಸಿ, ತೂಗಿಸಿ, ದರ ಬಾಯಿಬಿಟ್ಟು ಹೇಳಿಸಿ. ಎಟ್ಟಿ, ಡೆಂಜಿ ಈವರೆಗೆ ತಿಂದೇ ಇಲ್ಲದ ಮಗುವಿಗೆ ಈ ದಿನ ಮೊದಲ ರುಚಿ ತೋರಿಸಬೇಡಿ, ಅಲರ್ಜಿ ಗೊತ್ತಾಗುವ ಜಾಗ ಹಡಗಾಗಬಾರದು.

ಮೀನು ಮುಟ್ಟದ ಹಿರಿಯರು ನಮ್ಮ ಕಡೆಯ ಎಷ್ಟೋ ಗುಂಪುಗಳಲ್ಲಿ ಇರುತ್ತಾರೆ. ಅವರನ್ನು ಮೀನಿನ ಹೋಟೆಲಿಗೆ ಕರೆದುಕೊಂಡು ಹೋಗಿ ‘ಇಲ್ಲಿ ವೆಜ್ಜೂ ಇದೆ’ ಎನ್ನುವುದು ನ್ಯಾಯವಲ್ಲ. ಕಾವಲಿ ಒಂದೇ, ಎಣ್ಣೆ ಒಂದೇ. ಮಟ್ಟಾಂಚೇರಿಯ ಗುಜರಾತಿ ಬೀದಿಯಲ್ಲಿ ಶುದ್ಧ ಸಸ್ಯಾಹಾರದ ಜಾಗಗಳಿವೆ. ಅರಮನೆ ಮುಗಿಸಿ ಅವರಿಗೆ ಅಲ್ಲಿ ಊಟ ಮಾಡಿಸಿ, ಉಳಿದವರು ಆಮೇಲೆ ಫೋರ್ಟ್ ಕೊಚ್ಚಿಗೆ ವಾಪಸು ಬನ್ನಿ. ಮಧ್ಯಾಹ್ನದ ಊಟ ಎರಡೂವರೆಯ ಹೊತ್ತಿಗೆ ಖಾಲಿಯಾಗತೊಡಗುತ್ತದೆ, ಆ ಲೆಕ್ಕ ಇಟ್ಟುಕೊಳ್ಳಿ.

ಹಡಗಿನ ದಿನ

ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮೊಸರನ್ನ. ಮೀನಿಲ್ಲ, ಎಣ್ಣೆ ಕಡಿಮೆ. ಹೊಟ್ಟೆ ತೀರಾ ಖಾಲಿಯಿದ್ದರೂ ಓಕರಿಕೆ ಹೆಚ್ಚು. ಓಕರಿಕೆಯ ಮಾತ್ರೆ ಹಡಗು ಅಲುಗಿದ ಮೇಲೆ ನುಂಗಿದರೆ ಕೆಲಸ ಮಾಡುವುದು ಕಷ್ಟ, ಮೊದಲೇ ತೆಗೆದುಕೊಳ್ಳಬೇಕು. ಯಾವುದು, ಎಷ್ಟು ಎಂದು ಊರಿನ ಡಾಕ್ಟರನ್ನೇ ಕೇಳಿ ಕೊಂಡುಹೋಗಿ, ಮಕ್ಕಳ ವಯಸ್ಸು ಹೇಳಿಯೇ ಕೇಳಿ.

ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಬಂದರಿಗಾಗಿ ಕೆರೆದ ಹೂಳಿನಿಂದಲೇ ಮಾಡಿದ ನೆಲ ಅದು. ದ್ವೀಪದ ಎರಡು ಬದಿಗೆ ಎರಡು ವಾರ್ಫ್, ಅಂದರೆ ಹಡಗುಕಟ್ಟೆ: ಎರ್ನಾಕುಳಂ ವಾರ್ಫ್, ಮಟ್ಟಾಂಚೇರಿ ವಾರ್ಫ್. ಮಟ್ಟಾಂಚೇರಿ ವಾರ್ಫ್ ಇರುವುದು ಮಟ್ಟಾಂಚೇರಿಯಲ್ಲಲ್ಲ, ದ್ವೀಪದಲ್ಲೇ. ದೊಡ್ಡ ಕ್ರೂಸ್‌ಗಳ ಸಾಗರಿಕ ಟರ್ಮಿನಲ್ ಎರ್ನಾಕುಳಂ ವಾರ್ಫಿನಲ್ಲಿದೆ. ಟ್ಯಾಕ್ಸಿಯವರಿಗೆ ಬರೀ ‘ಲಕ್ಷದ್ವೀಪದ ಹಡಗು’ ಎಂದರೆ ಸರ್ಕಾರಿ ಹಡಗಿನವರ ಕಡೆ ಇಳಿಸಿಬಿಡಬಹುದು. ಟಿಕೆಟ್‌ನಲ್ಲಿರುವ ಟರ್ಮಿನಲ್ಲಿನ ಹೆಸರನ್ನೇ ಓದಿ ಹೇಳಿ. ಲಕ್ಷದ್ವೀಪದಲ್ಲಿ ಇಳಿಯುವುದಾದರೆ ಪ್ರವೇಶ ಪರವಾನಗಿ ಯಾರು ಮಾಡಿಸುತ್ತಾರೆ ಎಂದು ಬುಕ್ ಮಾಡುವಾಗಲೇ ಇತ್ಯರ್ಥವಾಗಿರಲಿ. ಮಕ್ಕಳದ್ದೂ ಸೇರಿ ಎಲ್ಲರ ಮೂಲ ಗುರುತಿನ ಚೀಟಿ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆ ಅಲ್ಲೇ ಒಪ್ಪಿಸಿದರೆ ಕ್ಯಾಬಿನ್‌ಗೆ ಬರಲು ಗಂಟೆಗಟ್ಟಲೆ ಹಿಡಿಯಬಹುದು. ಮಾತ್ರೆ, ಮಗುವಿನ ಒಂದು ಜೊತೆ ಬಟ್ಟೆ ಕೈಯಲ್ಲೇ ಇರಲಿ. ಉಪ್ಪಿನಕಾಯಿ ಭರಣಿ, ಒಣಮೀನು, ಇಸ್ತ್ರಿಪೆಟ್ಟಿಗೆ, ಚೂರಿ ಇವನ್ನು ತಪಾಸಣೆಯಲ್ಲಿ ತೆಗೆಸುತ್ತಾರೆ, ಮನೆಯಲ್ಲೇ ಬಿಟ್ಟುಬನ್ನಿ.

ಹಡಗು ಬಿಡುವ ಹೊತ್ತಿಗೆ ಕ್ಯಾಬಿನ್‌ನಲ್ಲಿ ಕೂರದೆ ಮೇಲಿನ ಡೆಕ್‌ಗೆ ಹೋಗಿ ಎಡಬದಿಯಲ್ಲಿ ಜಾಗ ಹಿಡಿಯಿರಿ. ಅಳಿವೆ ದಾಟಿ ಪಡುವಣಕ್ಕೆ ತಿರುಗುವಾಗ ಬಲಕ್ಕೆ ವೈಪಿನ್, ಎಡಕ್ಕೆ ಫೋರ್ಟ್ ಕೊಚ್ಚಿ. ಹಿಂದಿನ ದಿನ ಮಕ್ಕಳು ಹಗ್ಗ ಎಳೆದ ಚೀನಾ ಬಲೆಗಳು ಅಷ್ಟೆತ್ತರದಿಂದ ಅಂಗೈಯಷ್ಟಾಗಿ ಕಾಣುತ್ತವೆ.